ಹುಳ ಸಾಕುವವಳು, ಹುಳ ಓಡಿಸುವವನು

ಹೆಣ್ಣು ನೋಡಲು ಬಂದ ಗಂಡನ್ನು ಹೆಣ್ಣೇ ಗೇಟಿನಲ್ಲಿ ತಡೆದು ನಿಲ್ಲಿಸಿದ್ದು ದೊಡ್ಡಆಲಹಳ್ಳಿಯಲ್ಲಿ ಹಿಂದೆಂದಾದರೂ ನಡೆದಿತ್ತೋ ಇಲ್ಲವೋ, ಕಬ್ಬಾಳಮ್ಮ ದೇವಿಯೇ ಬಲ್ಲಳು.

"ಅಲ್ಲೇ ನಿಂತ್ಕಳಿ! ಒಂದೆಜ್ಜೆ ಮುಂದಕ್ಕಿಡಬ್ಯಾಡಿ!"

ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದವಳು ಭಾನುಪ್ರಿಯ. ಹಸಿರು ಹುಬ್ಬಿನವರೆಗೂ ಇಳಿಬಿದ್ದಿತ್ತು. ಎಲೆಗಳ ಸಂದಿಯಿಂದ ಎರಡು ಕಣ್ಣು ಅನಂತರಾಜುವನ್ನು ಅಡಿಯಿಂದ ಮುಡಿಯವರೆಗೆ ಅಳೆದವು. ಮೂಗು ಸಣ್ಣಗೆ ಅರಳಿತು.

"ಏನು ವಾಸ್ನೆ ಇದು?"

ಜೊತೆಯಲ್ಲಿ ಬಂದಿದ್ದ ಸೋದರಮಾವ ಕೃಷ್ಣಪ್ಪ ಹೆಮ್ಮೆಯಿಂದ ಹೇಳಿದ, "ಸೆಂಟು ಕಣವ್ವಾ. ಬಾಳ ರೇಟಿಂದು."

"ಸೆಂಟಲ್ಲ. ಸೆಂಟಿನ ಕೆಳಗೆ ಇನ್ನೊಂದೈತಲ್ಲ, ಅದು."

ಅನಂತರಾಜು ತಲೆ ತಗ್ಗಿಸಿದ. ಬಿಡದಿಯ ಒಂದು ಪೆಸ್ಟ್ ಕಂಟ್ರೋಲ್ ಕಂಪನಿಯಲ್ಲಿ ಅವನಿಗೆ ಕೆಲಸ. ಜಿರಳೆ, ಗೆದ್ದಲು, ತಿಗಣೆ, ಇಲಿ, ಇವುಗಳ ಹಿಂದೆ ಓಡುವುದೇ ಬದುಕು. ಬೆಳಿಗ್ಗೆ ಒಂದು ಹೋಟೆಲಿನ ಅಡುಗೆಮನೆಗೆ ಔಷಧಿ ಹೊಡೆದು, ಶರ್ಟು ಬದಲಾಯಿಸಿ, ನೇರ ಇಲ್ಲಿಗೇ ಬಂದಿದ್ದ. ಒಳಗೆ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಕಳಚಿ, ಜಡಿಮಳೆಯಂಥ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು. ಮೈಮೇಲಿನ ಔಷಧಿ ಒಂದಿಷ್ಟು ತಾಗಿದರೂ ಬೆಳೆಗೆ ಬೆಳೆಯೇ ನೆಲ ಕಚ್ಚುತ್ತದೆ. ಹುಳ ಸಾಯಿಸುವುದೇ ಕಸುಬಾದವನಿಗೆ, ಹುಳ ಸಾಯಬಾರದ ಮನೆಗೆ ಹೊರಟಿದ್ದೇನೆ ಎಂಬುದು ನೆನಪಿಗೇ ಬಂದಿರಲಿಲ್ಲ.

"ತಪ್ಪಾಯ್ತು. ವಾಪಸ್ ಹೋಗ್ಬುಡ್ತೀನಿ," ಎಂದ.

"ಹೋಗಿ ಅಂದೋರು ಯಾರು? ಸ್ನಾನ ಮಾಡಿ ಅಂದೆ."

ಹಾಗಂತ ಅವಳು ಅಂದಿರಲೇ ಇಲ್ಲ. ಅವಳಿಗೂ ಅದು ಹೊಳೆದು, ನಗು ತಡೆಯಲಾಗದೆ ಹೊರೆಯ ಸಮೇತ ಆ ಕಡೆ ತಿರುಗಿಕೊಂಡಳು.

ಅಂತೂ ಮದುವೆ ಗಂಡು ಹಿತ್ತಲ ನಲ್ಲಿಯ ಕೆಳಗೆ ಕೂತು, ಹುಡುಗಿಯ ತಾಯಿ ಬೋರಮ್ಮ ಕೊಟ್ಟ ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ಮಿಂದ. ಹುಡುಗಿಯ ಅಪ್ಪ ಸಿದ್ದಯ್ಯನ ಪಂಚೆ, ಸಿದ್ದಯ್ಯನ ದೊಗಳೆ ಅಂಗಿ ತೊಟ್ಟು ಜಗಲಿಯಲ್ಲಿ ಕೂತ. "ಮದ್ವೆ ಮುಂಚೇನೇ ಮಾವನ ಬಟ್ಟೆ ಗಿಟ್ಟಿಸ್ಕಂಡಲ್ಲೋ!" ಎಂದು ಕೃಷ್ಣಪ್ಪ ಕಿವಿಯಲ್ಲಿ ಪಿಸುಗುಟ್ಟಿದ. ಕಾಫಿ ತಂದ ಭಾನುಪ್ರಿಯ ಲೋಟ ಕೊಡುವ ನೆಪದಲ್ಲಿ ಇನ್ನೊಮ್ಮೆ ಮೂಗು ಅರಳಿಸಿ, ಪಾಸ್ ಎಂಬಂತೆ ಕಣ್ಣು ಮಿಟುಕಿಸಿದಳು. ಅನಂತರಾಜುವಿಗೆ ಕಾಫಿಗೆ ಸಕ್ಕರೆ ಹಾಕಿದೆಯೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ಸಿದ್ದಯ್ಯ ಗಂಟಲು ಸರಿಮಾಡಿಕೊಂಡರು.

"ಈಗೆಲ್ಲಾ ಮಿಷನ್ ಬತ್ತಾವಂತಲ್ಲಪ್ಪ. ನಿನ್ ಕೆಲ್ಸ ಗಟ್ಟಿನಾ?"

"ಬಂಡೆ ಇದ್ದಂಗೆ!" ಕೃಷ್ಣಪ್ಪ ಎದೆ ತಟ್ಟಿದ.

ಒಳಬಾಗಿಲ ಬಳಿ ಬಳೆಯ ಸದ್ದು ನಿಂತಿತು. ಅವಳು ಕೇಳುತ್ತಿದ್ದಾಳೆ. ಹೂಂ ಎಂದರೆ ಸಾಕು, ಈ ಮನೆಯ ಬಾಗಿಲು ತೆರೆಯುತ್ತದೆ. ಆದರೆ ದೇವರು ಕೊಟ್ಟ ನಾಲಿಗೆ ಕೆಲವೊಮ್ಮೆ ನಮ್ಮ ಮಾತು ಕೇಳುವುದಿಲ್ಲ.

"ಗಟ್ಟಿ ಅನ್ನಕ್ಕಾಗಲ್ಲ ಯಜಮಾನ್ರೇ," ಎಂದ ಅನಂತರಾಜು. "ಹೊಸ ಪೆಟ್ಟಿಗೆ ಬಂದವೆ. ಇಲಿ ಒಳಕ್ಕೆ ಬಂದ್ರೆ ಅದೇ ಫೋನಿಗೆ ಸುದ್ದಿ ಕೊಡ್ತದೆ. ಮುಂಚೆ ನಾವೇ ದಿನಾ ಸುತ್ತಿ ನೋಡ್ಬೇಕಿತ್ತು. ಯಾರ್ನ ಇಟ್ಕತಾರೆ, ಯಾರ್ನ ಮನೆಗೆ ಕಳುಸ್ತಾರೆ ಅನ್ನದು ಇನ್ನೂ ಗೊತ್ತಿಲ್ಲ."

ಸಿದ್ದಯ್ಯ ಕಾಫಿ ಲೋಟ ಕೆಳಗಿಟ್ಟರು. "ಈ ಬೆಳೆ ಮುಗೀಲಿ. ಯೋಚ್ನೆ ಮಾಡಿ ಏಳ್ತೀವಿ."

ದಾರಿಯುದ್ದಕ್ಕೂ ಕೃಷ್ಣಪ್ಪ ಬೈದ. "ಸತ್ಯ ಹರಿಶ್ಚಂದ್ರ ಹೊಂಟವ್ನೆ! ಹೆಂಡ್ತಿ ಬಂದ್ಮೇಲೆ ಏಳಕ್ಕಾಗ್ತಿರ್ಲಿಲ್ವೇನ್ಲಾ?"

ಬೈಗುಳ ಬಿಡದಿಯವರೆಗೂ ಬಂತು. ಬಂದದ್ದು ಬೈಗುಳ ಮಾತ್ರವಲ್ಲ, ಸಿದ್ದಯ್ಯನ ಅಂಗಿ, ಪಂಚೆಯೂ ಮೈಮೇಲೇ ಬಂದುಬಿಟ್ಟಿದ್ದವು.

ಮೂರನೆಯ ದಿನ ಫೋನು.

"ನಮ್ಮಪ್ಪನ ಪಂಚೆ ವಾಪಸ್ ಕೊಡೋ ಯೋಚ್ನೆ ಐತಾ, ಇಲ್ವಾ?"

"ಕೊಡ್ತೀನಿ. ಮನೆ ತಂಕ ಬರಕ್ಕೆ ಭಯ."

"ನನ್ನ ಕಂಡ್ರಾ, ಹುಳ ಕಂಡ್ರಾ?"

"ಹುಳ ಪಾಪ, ಬೈಯಲ್ಲ."

ಆಚೆಯಿಂದ ನಗು ಬಂತು. ಅಲ್ಲಿಂದ ಪಂಚೆಯ ನೆಪ ಬೇಕಾಗಲಿಲ್ಲ. ಸೊಪ್ಪು ಹಾಕಿ ಕೈ ತೊಳೆದಾಗ ಅವಳು ಫೋನ್ ಮಾಡುತ್ತಿದ್ದಳು. "ಹುಳ ಹಣ್ಣಾಗವೆ, ಗೂಡು ಕಟ್ಟಕ್ಕೆ ಚಂದ್ರಿಕೆ ತಟ್ಟೆಗೆ ಬುಡ್ತಾ ಇದೀವಿ," ಎಂದ ದಿನ ಅವಳ ದನಿಯಲ್ಲಿ ಬಾಣಂತಿ ಮನೆಯ ಸಂಭ್ರಮವಿತ್ತು. ಮಾತಿಲ್ಲದ ಜೀವಗಳು ಬಾಯಿಂದ ನೂಲು ತೆಗೆದು ತಮ್ಮ ಸುತ್ತ ತಾವೇ ಮನೆ ಕಟ್ಟಿಕೊಳ್ಳುವ ಆ ಹೊತ್ತಿನಲ್ಲಿ ಮನೆಯವರೆಲ್ಲ ಮೆಲ್ಲಗೆ ನಡೆಯುತ್ತಾರಂತೆ. ಅನಂತರಾಜು ಗೋಡೌನಿನ ಮೂಲೆಯಲ್ಲಿ ಕೂತು ಅದನ್ನು ಕೇಳುತ್ತಿದ್ದ. ಹುಳವೆಂದರೆ ಇಷ್ಟು ಪ್ರೀತಿಯ ಪದವೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗೂಡು ಮಾರಲು ಅಪ್ಪ ಮಗಳು ರಾಮನಗರದ ಮಾರ್ಕೆಟ್ಟಿಗೆ ಬಂದ ಬೆಳಿಗ್ಗೆ, ಇಸ್ತ್ರಿ ಮಾಡಿದ ಪಂಚೆ, ಅಂಗಿ ಹಿಡಿದು ಅವನೂ ಬಂದ. ದೂರದಲ್ಲೇ ನಿಂತ.

"ಹತ್ರ ಬನ್ನಿ," ಅವಳು ಕೈ ಬೀಸಿದಳು. "ಇವತ್ತು ಎಲ್ಲಾ ಗೂಡೊಳಗವೆ. ನಿಮ್ಗೆ ರಜಾ."

ಬಿಳಿ ಗೂಡಿನ ರಾಶಿಯ ಹಿಂದೆ ಅವಳ ಮುಖ ಹೊಳೆಯುತ್ತಿತ್ತು. ಸಿದ್ದಯ್ಯ ಮಾತ್ರ ನೇರ ವಿಷಯಕ್ಕೆ ಬಂದರು.

"ಏನಾಯ್ತಪ್ಪ ನಿನ್ ಕೆಲ್ಸ?"

"ಅರ್ಧ ಜನನ್ನ ಬುಡ್ಸವ್ರೆ. ನನ್ನ ಇಟ್ಕಂಡವ್ರೆ. ಪೆಟ್ಟಿಗೆ ಕೂಗ್ದಾಗ ಓಡೋಗದು ನನ್ ಕೆಲ್ಸ. ಸದ್ಯಕ್ಕೆ ಒಂದ್ ವರ್ಷ. ಆಮೇಲ್ ನೋಡನ ಅಂದವ್ರೆ ಮ್ಯಾನೇಜರ್ರು."

"ಒಂದ್ ವರ್ಷದ ಮಾತು ನಂಬ್ಕಂಡು ಮಗಳನ್ನ ಕೊಡಕ್ಕಾಯ್ತದಾ?" ಸಿದ್ದಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಹುಡುಗ ಅವರಿಗೂ ಹಿಡಿಸಿದ್ದ. ಅದೇ ಕಷ್ಟ.

ಅನಂತರಾಜು ಪಂಚೆ, ಅಂಗಿಯನ್ನು ಅವರ ಕೈಗಿತ್ತ. ಇನ್ನು ಹೊರಡುವುದೇ ಸರಿ ಎನ್ನುವಷ್ಟರಲ್ಲಿ ಅವನ ಫೋನು ಕಿರುಚಿತು. ಬಿಡದಿಯ ಅಕ್ಕಿ ಗೋಡೌನು. ಪೆಟ್ಟಿಗೆಗೆ ಇಲಿ ಬಿದ್ದಿದೆ.

"ಬತ್ತೀನಿ," ಎಂದು ತಿರುಗಿದ.

"ನಿಂತ್ಕಳಿ." ಭಾನುಪ್ರಿಯ ಅಪ್ಪನ ಮುಖ ನೋಡಿದಳು. "ಹರಾಜು ಮುಗಿಯೋದ್ರೊಳಗೆ ಹೋಗಿ ಬತ್ತೀನಪ್ಪ. ಕೊಡೋದೋ ಬುಡೋದೋ, ಇವ್ರ ಕೆಲ್ಸ ಎಂಗೈತೆ ಅಂತ ಕಣ್ಣಲ್ಲಿ ನೋಡಿ ತೀರ್ಮಾನ ಮಾಡನ."

ಸಿದ್ದಯ್ಯ ಗೂಡೊಂದನ್ನು ಕೈಗೆತ್ತಿಕೊಂಡು ಹಗುರವಾಗಿ ಒತ್ತಿದರು. ಆಮೇಲೆ, "ಹೆಲ್ಮೆಟ್ ಹಾಕ್ಕಳವ್ವ," ಎಂದರು.

ಬೈಕಿನಲ್ಲಿ ಇಬ್ಬರ ನಡುವೆ ಅವಳ ಬ್ಯಾಗು ಕೂತಿತ್ತು. ಒಂದು ಗುಂಡಿ ಬಂದಾಗ ಅವಳು ಅವನ ಭುಜ ಹಿಡಿದಳು. ರಸ್ತೆ ಮತ್ತೆ ನುಣ್ಣಗಾದರೂ ಕೈ ಅಲ್ಲೇ ಉಳಿಯಿತು. ಎದುರಿನ ರಾಮದೇವರ ಬೆಟ್ಟಕ್ಕೆ ಅನಂತರಾಜು ಮನಸ್ಸಿನಲ್ಲೇ ಕೈಮುಗಿದ.

ಗೋಡೌನಿನ ಗೋಡೆಯುದ್ದಕ್ಕೂ ಕರಿ ಪೆಟ್ಟಿಗೆಗಳು. ಎಲ್ಲದರಲ್ಲೂ ಹಸಿರು ದೀಪ, ಒಂದರಲ್ಲಿ ಕೆಂಪು. ಅವನು ಅದರ ಮುಂದೆ ಮಂಡಿಯೂರಿದ. ತಕ್ಷಣ ತೆರೆಯಲಿಲ್ಲ. ಕಿವಿ ಇಟ್ಟು ಆಲಿಸಿದ.

"ಇಲಿಯಲ್ಲ ಇದು," ಎಂದ.

"ಮಿಷನ್ನು ಇಲಿ ಅಂತಲ್ಲ?"

"ಅದ್ಕೆ ಮೈ ಅಲ್ಲಾಡಿದ್ದಷ್ಟೇ ಗೊತ್ತಾಗದು."

ಮುಚ್ಚಳ ಸರಿಸಿದ. ಒಳಗೆ ನಡುಗುತ್ತಿದ್ದದ್ದು ಒಂದು ಅಳಿಲುಮರಿ. ರಾಮ ಬೆರಳಾಡಿಸಿದ ಬೆನ್ನು. ದಪ್ಪ ಗ್ಲೌಸು ತೊಟ್ಟ ಎರಡೂ ಕೈಗಳಲ್ಲಿ ಅದನ್ನು ದೀಪದಂತೆ ಹಿಡಿದುಕೊಂಡು ಹೊರಗೆ ನಡೆದ. ಅವಳು ಹಿಂದೆಯೇ ಬಂದಳು. ಕಾಂಪೌಂಡಿನ ಹೊಂಗೆ ಮರದ ಬುಡದಲ್ಲಿ ಅಂಗೈ ಬಿಚ್ಚಿದ. ಮರಿ ಒಂದು ಗಳಿಗೆ ದಿಕ್ಕು ತೋಚದೆ ಕೂತಿತ್ತು. ಆಮೇಲೆ ಸರ್ರನೆ ಕೊಂಬೆ ಸೇರಿತು.

ಭಾನುಪ್ರಿಯ ಮರವನ್ನು ನೋಡಲಿಲ್ಲ. ಖಾಲಿಯಾದ ಆ ಕೈಗಳನ್ನೇ ನೋಡುತ್ತಿದ್ದಳು.

"ಕೊಲ್ಲೋ ಕೈ ಅಂದ್ಕಂಡಿದ್ದೆ," ಎಂದಳು ಮೆಲ್ಲಗೆ.

"ಇಲಿ ಆಗಿದ್ರೆ ಬುಡ್ತಿರ್ಲಿಲ್ಲ. ಸುಳ್ಳೇಳಲ್ಲ," ಅವನು ಗ್ಲೌಸು ಕಳಚಿದ. "ಇವತ್ತೇನೋ ಮಿಷನ್ನು ಸೋತೈತೆ ಭಾನು. ಮುಂದಿನ ವರ್ಷಕ್ಕೆ ಇಲಿ ಯಾವ್ದು, ಅಳಿಲು ಯಾವ್ದು ಅನ್ನದನ್ನೂ ಕಲಿತುಬುಡ್ತದೆ. ಆಗ ನಾನೇನ್ ಮಾಡ್ತೀನೋ ನಂಗೇ ಗೊತ್ತಿಲ್ಲ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳ ಕಿವಿಯ ತುದಿ ಕೆಂಪಾಯಿತು.

"ನಾವು ಪ್ರತಿ ಸಲ ಚಾಕಿ ಹುಳ, ಅದೇ ಮರಿಹುಳ, ಮನೆಗೆ ತತ್ತೀವಲ್ಲ," ಎಂದಳು, "ಈ ಬೆಳೆ ಆಯ್ತದೆ ಅಂತ ಯಾರು ಮಾತು ಕೊಟ್ಟವ್ರೆ? ದೇವ್ರ ಮೇಲೆ ಭಾರ ಹಾಕಿ ಸೊಪ್ಪು ಕೊಯ್ಯಕ್ಕೆ ಹೊಂಟೋಯ್ತೀವಿ. ಅದು ಕಲೀಲಿ ಬುಡಿ. ನೀವೂ ಇನ್ನೊಂದು ಕಲೀತೀರಿ."

 ಅವನ ಉತ್ತರಕ್ಕೆ ಅವಳು ಕಾಯಲಿಲ್ಲ. ಫೋನ್ ತೆಗೆದು ಅಪ್ಪನಿಗೆ ಹಚ್ಚಿದಳು.

"ಅಪ್ಪಾ, ಮುಂದಿನ ಚಾಕಿ ಈಗ್ಲೇ ಒಪ್ಕಬ್ಯಾಡ. ಒಸಿ ತಡೀಲಿ."

"ಯಾಕವ್ವಾ?"

"ಹುಳ ಮನೇಲಿದ್ರೆ ಮದ್ವೆ ಚಪ್ಪರ ಹಾಕಕ್ಕಾಯ್ತದಾ?"

 ಮಾರ್ಕೆಟ್ಟಿನ ಗದ್ದಲದ ನಡುವೆ ಸಿದ್ದಯ್ಯನ ದನಿ ಬಂತು. ಅದು ಒದ್ದೆಯಾಗಿತ್ತು, ನಗುತ್ತಲೂ ಇತ್ತು.

"ಆ ಹುಡುಗನಿಗೆ ಏಳಿದ್ಯೇನವ್ವ?"

ಭಾನುಪ್ರಿಯ ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು. ಅನಂತರಾಜು ಕಳಚಿದ ಗ್ಲೌಸನ್ನು ಮತ್ತೆ ತೊಡುತ್ತಿದ್ದ, ಅದೂ ಎಡದ್ದನ್ನು ಬಲಕ್ಕೆ.

"ಇಲ್ಲಪ್ಪ," ಎಂದಳು. "ಈಗ ಕೇಳಿಸ್ಕಂಡ್ರು."