ಕೆತ್ತದೆ ಬಿಟ್ಟ ಉಬ್ಬು

ನಮ್ಮೂರ ಗುಡ್ಡದ ಮೇಲಿನ ಅಪೊಲೊ ದೇವರ ಹಳೇ ಗುಡಿಗೆ ನಾನೇ ಕಾವಲುಗಾರ. ಜನ ಬಾಯಿಬಿಟ್ಟುಕೊಂಡು ನೋಡುವ ಆ ಗುಡಿ ಕಂಡರೆ ನನಗೆ ತಾತ್ಸಾರ. ಹಗ್ಗ ಸಿಕ್ಕಿಸಿ ಎತ್ತಲೆಂದು ಕಲ್ಲುಗಳಲ್ಲಿ ಉಬ್ಬು ಬಿಟ್ಟ ಆ ಕಾಲದ ಕಲ್ಲುಕುಟಿಗರು, ಗೋಡೆ ಎದ್ದ ಮೇಲೆ ಅವನ್ನು ಕೆತ್ತಿ ತೆಗೆಯಲೇ ಇಲ್ಲ.

"ಸೋಮಾರಿ ನನ್ಮಕ್ಳು!" ಎಂದು ಗೋಡೆಗೆ ಉಗಿದೆ.

ರೊಟ್ಟಿ, ಆಲಿವ್ ತಂದಿದ್ದ ಅಕ್ಕ ಅರ್ಗಿರೋ ನಕ್ಕಳು. "ನಿನ್ನ ಹಣೆ ಮೇಲಿನ ಗಡ್ಡೆ ಹುಟ್ಟಿದಾಗಿಂದ ಹಂಗೇ ಐತೆ. ಮೊದ್ಲು ಅದನ್ನ ತೆಗಿಸ್ಕೊಳ್ಳೋ!"

ಅವಳು ಹೋದ ಮೇಲೆ ಗೋಡೆಯ ನೆರಳಲ್ಲಿ ಮಲಗಿದೆ. ಕಿವಿಗಡಚಿಕ್ಕುತ್ತಿದ್ದ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಆ ಉರಿಬಿಸಿಲ ಹೊತ್ತಿನಲ್ಲೂ ಹಣೆಗೆ ತಣ್ಣನೆಯ ಕಬ್ಬಿಣ ತಗುಲಿದಂತಾಯಿತು. ಟಕ್, ಟಕ್ ಎಂಬ ಸದ್ದು ತೀರಾ ಹತ್ತಿರ ಕೇಳಿಸಿತು.

ಎದ್ದು ನೋಡಿದರೆ ಗೋಡೆಯ ಉಬ್ಬುಗಳೆಲ್ಲ ಇದ್ದಲ್ಲೇ ಇದ್ದವು. ಮುಟ್ಟಿಕೊಂಡರೆ ನನ್ನ ಹಣೆ ನುಣ್ಣಗಾಗಿತ್ತು; ಎದೆಯ ಮೇಲೆ ಕಲ್ಲಿನ ಚಕ್ಕೆಗಳು ಬಿದ್ದಿದ್ದವು.