ಹದಿನಾಲ್ಕನೇ ತಟ್ಟೆ

೨೦೨೫ರ ಫೆಬ್ರುವರಿ ೧೧, ಮಂಗಳವಾರ. ಬೆಳಿಗ್ಗೆ ೯.೪೦ಕ್ಕೆ ಡಾ. ನವ್ಯ ರಾಬರ್ಟ್‌ಸನ್‌ಪೇಟೆ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮೈಸೂರು ಮೈನ್ಸ್‌ ಚಿನ್ನದ ಗಣಿಯ ಹಳೆಯ ಬಂಗಲೆಯಲ್ಲಿರುವ ತಮ್ಮ ಶ್ವಾಸಕೋಶ ಪ್ರಯೋಗಾಲಯದಲ್ಲಿ ಯಾರೋ ಒಂದು ಪ್ರಯೋಗವನ್ನು ಹಾಳುಗೆಡವಿದ್ದಾರೆ ಎಂಬುದು ದೂರು.

"ಏನು ಹಾಳಾಗಿದೆ?" ಇನ್‌ಸ್ಪೆಕ್ಟರ್ ಆಶಾರಾಣಿ ಕೇಳಿದರು.

"ಆರ್ಗನಾಯ್ಡ್‌ಗಳು. ರೋಗಿಯ ಶ್ವಾಸಕೋಶದ ಚೂರಿನಿಂದ ತಟ್ಟೆಯಲ್ಲಿ ಬೆಳೆಸೋ ಉಂಡೆಗಳು. ರಾಗಿ ಕಾಳಿಗಿಂತ ಸಣ್ಣವು. ಅವುಗಳಿಗೆ ಕಲ್ಲಿನ ದೂಳು ತಾಗಿಸಿ, ಯಾವ ಔಷಧಿ ಕೆಲಸ ಮಾಡುತ್ತೆ ಅಂತ ನೋಡ್ತೀವಿ. ಎಂಟು ತಿಂಗಳ ಶ್ರಮ ಮೇಡಂ."

ಎಫ್‌ಐಆರ್ ದಾಖಲಾಯಿತು. ೧೧.೧೫ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ಅಂದು ಬೆಳಿಗ್ಗೆ ೬.೫೨ರಿಂದ ೭.೦೯ರವರೆಗೆ ತೆರೆದಿತ್ತೆಂದು ಯಂತ್ರದಲ್ಲೇ ದಾಖಲಾಗಿತ್ತು. ಇಪ್ಪತ್ತು ತಟ್ಟೆಗಳ ಪೈಕಿ ಹತ್ತೊಂಬತ್ತರಲ್ಲಿ ಗುಲಾಬಿ ಬಣ್ಣದ ಪೋಷಕ ದ್ರವ ಹಾಗೇ ಇತ್ತು. ೧೪ ಎಂದು ಬರೆದಿದ್ದ ತಟ್ಟೆಯಲ್ಲಿ ಮಾತ್ರ ತಿಳಿನೀರು. ಸಿಂಕಿನ ಪಕ್ಕದಲ್ಲಿದ್ದ ಸ್ಟೀಲ್ ಚೊಂಬನ್ನು ಕಾನ್‌ಸ್ಟೇಬಲ್ ನಾಗೇಶ್ ವಶಪಡಿಸಿಕೊಂಡ.

"ನೀರು ಹಾಕಿದರೆ?" ಆಶಾರಾಣಿ ಕೇಳಿದರು.

"ಜೀವಕೋಶ ಉಬ್ಬಿ ಒಡೆದುಹೋಗುತ್ತೆ," ಎಂದರು ನವ್ಯ.

"ಸಿಟ್ಟಿಗೆ ಮಾಡಿದವರು ಒಂದನ್ನೇ ಯಾಕೆ ಆರಿಸ್ಕೊಳ್ತಾರೆ? ಹದಿನಾಲ್ಕು ಯಾರದು?"

ನವ್ಯ ಅವರಿಗೆ ಗೊತ್ತಿದ್ದುದು ಸಂಖ್ಯೆಗಳು ಮಾತ್ರ. ಹೆಸರುಗಳ ಪುಸ್ತಕ ತಂತ್ರಜ್ಞ ಚಲಪತಿಯ ಬಳಿ ಇತ್ತು. ಅವನು ಹಾಳೆ ತಿರುಗಿಸಿ ಓದಿದ: ದೊಡ್ಡವೆಂಕಟಪ್ಪ, ಬೂದಿಕೋಟೆ, ಜಲ್ಲಿ ಕ್ರಷರ್ ಕೂಲಿ. ತೀರಿಕೊಂಡು ಐದು ತಿಂಗಳು.

"ಕೀಲಿ ಯಾರ‍್ಯಾರ ಹತ್ರ ಇದೆ?"

"ಡಾಕ್ಟರ್‌ದು ಒಂದು, ನನ್ದೊಂದು. ಕಸ ಗುಡಿಸೋ ಅಕ್ಕಯ್ಯಮ್ಮಂದು ಒಂದು." ಚಲಪತಿ ತಲೆ ತಗ್ಗಿಸಿದ. "ದೊಡ್ಡವೆಂಕಟಪ್ಪ ಆಯಮ್ಮನ ಗಂಡ. ಅಳ್ತಾ ಕೂತಿದ್ಲು ಅಂತ, ನಿನ್ ಗಂಡನ ಉಸಿರಿನ ಚೂರು ಇನ್ನೂ ಇಲ್ಲಿ ಬದುಕೈತೆ ಅಂತ ನಾನೇ ತಟ್ಟೆ ತೋರ‍್ಸಿದ್ದೆ."

"ಅವಳು ಈಗ ಎಲ್ಲಿ?"

"ಗುಡಿಸಿ ಎಂಟಕ್ಕೇ ಮನೆಗೋದ್ಲು. ನಂಗೆ ಮೈ ಸರಿಯಿಲ್ಲ ಅಂತ ಡಾಕ್ಟರಿಗೆ ಹೇಳು ಅಂದ್ಲು."

ಸಂಜೆ ೪.೨೦ಕ್ಕೆ ಆಶಾರಾಣಿ ಬೂದಿಕೋಟೆಯ ಮನೆ ತಲುಪಿದಾಗ ಅಕ್ಕಯ್ಯಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಓಡಲಿಲ್ಲ.

"ಹದಿನಾಲ್ಕನೇ ತಟ್ಟೆ ಮುಟ್ಟಿದ್ದು ನೀನಾ?"

"ನಾನೇ ಅಮ್ಮ."

"ಯಾಕೆ?"

"ಸೋಮವಾರ ಸೋಮವಾರ ಅದ್ಕೆ ಕ್ರಷರ್ ದೂಳು ಆಕ್ತಿದ್ರು. ಕಣ್ಣಾರೆ ನೋಡಿವ್ನಿ. ಇಪ್ಪತ್ತೆರಡು ವರ್ಷ ಅದೇ ದೂಳು ಕುಡಿದು, ಕೂತ್ಕಂಡೇ ನಿದ್ದೆ ಮಾಡ್ತಿದ್ದ ಮನುಷ್ಯ. ಸತ್ ಮ್ಯಾಲೂನೂ ಬಿಡಲ್ವಲ್ಲ ಅನ್ನುಸ್ತು. ಕಾಯಿಸಿ ಆರ‍್ಸಿದ ನೀರು ತಗಂಡೋಗಿ ತೊಳ್ದೆ. ಒಂದ್ ಚೂರೂ ದೂಳು ಇಲ್ದಂಗೆ ತೊಳ್ದೆ."

ಅವಳನ್ನು ಬಂಧಿಸಿ ೫.೩೦ಕ್ಕೆ ಠಾಣೆಗೆ ಕರೆತಂದರು. ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಸುದ್ದಿ ತಿಳಿದು ಬಂದ ನವ್ಯ ಹೇಳಿಕೆಯನ್ನು ಓದಿ ಎದುರಿನ ಬೆಂಚಿನ ಮೇಲೆ ಕೂತರು.

"ಅದಕ್ಕೆ ನರ ಇಲ್ಲ ಅಕ್ಕಯ್ಯಮ್ಮ. ನೋವು ಗೊತ್ತಾಗಲ್ಲ."

"ನಂಗ್ಯಾರೂ ಏಳ್ಲಿಲ್ವಲ್ಲ." ಮುಂದಕ್ಕೆ ಬಾಗಿ ಕೇಳಿದಳು: "ಈಗ ಚೆನ್ನಾಗೈತಾ, ತೊಳ್ದ ಮ್ಯಾಲೆ?"

ನವ್ಯ ಆಶಾರಾಣಿಯವರ ಮುಖ ನೋಡಿದರು. ಆಮೇಲೆ, "ಇಲ್ಲಮ್ಮ. ನೀರಿಗೆ ತಡೀಲಿಲ್ಲ. ಹೋಯ್ತು," ಎಂದರು.

ಬಂಧಿಸಿದಾಗಲೂ ಅಳದಿದ್ದ ಅಕ್ಕಯ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ೬.೧೦ಕ್ಕೆ ಠಾಣಾ ಜಾಮೀನಿನ ಕಾಗದ ಸಿದ್ಧವಾಯಿತು, ಅವಳು ಏಳಲಿಲ್ಲ. ನವ್ಯ ಅವಳ ಪಕ್ಕಕ್ಕೆ ಬಂದು ಕೂತರು. ಆಶಾರಾಣಿ ಕೇಸ್ ಡೈರಿ ತೆರೆದು, ಕೃತ್ಯದ ಕಾರಣ ಎಂದಿದ್ದ ಕಡೆ ಬರೆದರು: ಗಂಡನ ಉಸಿರಾಟ ಸಲೀಸಾಗಲೆಂದು.