ಬ್ಯೂನಾ ವಿಸ್ಟಾ ದಾಟಿದ ಮೇಲೆ

“ಬಾಗಿಲು ಹಾಕಬೇಡ ಅಂದೆ!”

ಕಾಮಾಕ್ಷಮ್ಮನವರ ಕೂಗಿಗೆ ಸೊಸೆ ಪದ್ಮಿನಿಯ ಕೈ ಬಾಗಿಲ ಮೇಲೆಯೇ ನಿಂತುಬಿಟ್ಟಿತು. ಸಂಜೆ ಏಳರ ಹೊತ್ತು. ಹೊರಗೆ ಕಾರಿಡಾರಿನಲ್ಲಿ ಲಿಫ್ಟು ಟಿಣ್ ಎಂದಿತು. ಅತ್ತೆಯ ಮುಖ ಒಮ್ಮೆಲೇ ಅರಳಿತು... ಕಬ್ಬಿಣದ ಗೇಟಿನಾಚೆ ಹಾದುಹೋದವರು ಪಕ್ಕದ ಮನೆಯ ಚೀನೀ ಮುದುಕಿ ಬೀ ಹುವಾ ಆಂಟಿ, ಕೈಯಲ್ಲಿ ಸೊಪ್ಪಿನ ಚೀಲ. ಅರಳಿದ ಮುಖ ಹಾಗೆಯೇ ಬಾಡಿತು.

ಸಿಂಗಪುರದ ಟ್ಯಾಂಪಿನೀಸ್‌ನ ಆ ಮನೆಯಲ್ಲಿ ದಿನಾ ಸಂಜೆ ನಡೆಯುತ್ತಿದ್ದದ್ದು ಇದೇ. ಕಳೆದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕಾಮಾಕ್ಷಮ್ಮನವರ ಒಬ್ಬನೇ ಮಗ ಸಂಪತ್, “ಅಮ್ಮಾ, ಏಳಕ್ಕೆಲ್ಲ ಬಂದ್ಬಿಡ್ತೀನಿ, ಇಡ್ಲಿ ಹಿಟ್ಟು ಉಳಿಸಿರು” ಎಂದು ಹೋದವನು ಬ್ಯೂನಾ ವಿಸ್ಟಾದ ತನ್ನ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಫೀಸಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ. ಮನೆಗೆ ಬರಲೇ ಇಲ್ಲ! ಹೆತ್ತವಳಿಗೆ ಅದೊಂದೇ ಕೊರಗು. ‘ಹೋಗ್ತೀನಿ’ ಅಂದಿದ್ದರೆ ಬೇರೆ ಮಾತು; ಅವನು ‘ಬರ್ತೀನಿ’ ಅಂದು ಹೋದವನಲ್ಲವೇ? ಹಾಗಾಗಿ ಸಂಜೆಯಾದರೆ ಮರದ ಬಾಗಿಲು ತೆರೆದಿರಬೇಕು. ಹೊರಗಿನ ಸ್ಟ್ಯಾಂಡಿನಲ್ಲಿ ಅವನ ಭಾನುವಾರದ ಕಂದು ಚಪ್ಪಲಿ ಒರೆಸಿಟ್ಟಿರಬೇಕು. ಸೊಳ್ಳೆ ಬರಲಿ, ದಾರಿಹೋಕರು ಇಣುಕಲಿ, ಅದೆಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ.

“ಅತ್ತೆ, ಒಂದು ವಿಷಯ ಹೇಳ್ಬೇಕಿತ್ತು. ಕೋಪ ಮಾಡ್ಕೋಬೇಡಿ” ಎಂದಳು ಪದ್ಮಿನಿ ಮೆಲ್ಲಗೆ. “ಜುರಾಂಗ್ ಈಸ್ಟ್‌ನಲ್ಲಿ ಮನೆ ಸಿಕ್ಕಿದೆ. ಅದ್ವಿಕಾ ಸ್ಕೂಲಿಗೆ ನಡ್ಕೊಂಡೇ ಹೋಗ್ಬಹುದು. ಮಯಂಕ್‌ಗೂ ಹಿಂದಿನ ರೋಡಲ್ಲೇ ಸ್ಕೂಲಿದೆ. ಜೂನ್ ರಜೇಲಿ ಶಿಫ್ಟ್ ಆಗೋಣ ಅಂತ. ಭಾನುವಾರದೊಳಗೆ ಏಜೆಂಟ್‌ಗೆ ಹೂಂ ಅನ್ಬೇಕು.”

“ಯಾರು ಶಿಫ್ಟ್ ಆಗೋದು?”

“ನಾವೆಲ್ಲ, ಅತ್ತೆ.”

“ಅವನು ಬಂದ್ರೆ?”

ಇದಕ್ಕೆ ಯಾರು ಏನು ಉತ್ತರ ಕೊಡಬೇಕು, ನೀವೇ ಹೇಳಿ! ಪದ್ಮಿನಿ ಹೊರಗಿನ ಚಪ್ಪಲಿಯ ಕಡೆ ನೋಡಿದಳು. ಆ ನೋಟವೇ ಅತ್ತೆಯನ್ನು ಇನ್ನಷ್ಟು ಕೆರಳಿಸಿತು.

“ನನ್ನ ಮಗ ಬಂದು ಈ ಬಾಗಿಲಲ್ಲಿ ನಿಂತ್ಕೋಬೇಕು, ಯಾರೋ ಗುರುತು ಪರಿಚಯ ಇಲ್ಲದೋರು ಬಂದು ‘ನಿಮಗ್ಯಾರು ಬೇಕು’ ಅಂತ ಅವನ್ನೇ ಕೇಳ್ಬೇಕು, ಅಲ್ವಾ? ಗೊತ್ತು ಬಿಡು ನನಗೆ. ನಿನಗೆ ಅವನನ್ನ ಮರೀಬೇಕಾಗಿದೆ. ಗಂಡ ಹೋಗಿ ವರ್ಷ ತುಂಬಿಲ್ಲ, ಆಗಲೇ ಹೊಸ ಮನೆ, ಹೊಸ ಪರದೆ! ನೀವು ಹೋಗಿ. ನನ್ನನ್ನ ಮೈಸೂರಿಗೆ ಕಳಿಸ್ಬಿಡು. ಆದ್ರೆ ಇಲ್ಲಿರೋವರೆಗೂ ಈ ಹೊಸ್ತಿಲು ಬಿಟ್ಟು ನಾನು ಬರಲ್ಲ.”

ಕಾಮಾಕ್ಷಮ್ಮನವರನ್ನು ಕೆಟ್ಟವರು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಆಡಿದ ಮಾತು ಕೆಟ್ಟದ್ದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪದ್ಮಿನಿ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಅವಳಿಗೇನು ಮನೆ ಬದಲಾಯಿಸುವ ಶೋಕಿಯೇ? ಅವಳ ಆಫೀಸಿರುವುದು ಚಾಂಗಿಯ ಕಡೆ, ಟ್ಯಾಂಪಿನೀಸ್‌ನಿಂದ ಒಂದು ಬಸ್ಸಿನ ದೂರ. ದೂರವಾದದ್ದು ಹದಿಮೂರರ ಮಗಳು ಅದ್ವಿಕಾಳ ಸ್ಕೂಲು. ಅದನ್ನು ಆರಿಸಿದ್ದು ಸಂಪತ್‌ನೇ. ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಮಗಳು ಜುರಾಂಗ್ ಈಸ್ಟ್‌ಗೆ ಹೋಗಿ ಆ ಸ್ಕೂಲನ್ನು ನೋಡಿಕೊಂಡು, ಐಸ್‌ಕ್ರೀಮ್ ತಿಂದು ಬಂದಿದ್ದರು. “ಸೀಟು ಸಿಗ್ಲಿ ಪುಟ್ಟಿ, ನಾವು ಅಲ್ಲೇ ಮನೆ ಮಾಡ್ಬಿಡೋಣ” ಎಂದಿದ್ದ. ಸೀಟು ಸಿಕ್ಕಿತು. ಸಿಕ್ಕಿದ್ದನ್ನು ಹೇಳಲು ಅಪ್ಪನೇ ಇರಲಿಲ್ಲ... ಈಗ ಹುಡುಗಿ ಕತ್ತಲಿರುವಾಗಲೇ ಎದ್ದು, ಹಸಿರು ಲೈನಿನ ಎಂಆರ್‌ಟಿ ರೈಲು ಹತ್ತಿ, ಊರಿನ ಈ ತುದಿಯಿಂದ ಆ ತುದಿಗೆ ತೂಕಡಿಸುತ್ತ ಹೋಗುತ್ತಾಳೆ. ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಕೇಳಿದರೆ, “ಐಯಾಮ್ ಓಕೆ ಲಾ, ಅಮ್ಮಾ” ಅನ್ನುತ್ತಾಳೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಸಿಂಗಪುರದಲ್ಲಿ ಮಕ್ಕಳ ಸ್ಕೂಲಿನ ಹತ್ತಿರ ಬಾಡಿಗೆ ಮನೆ ಹುಡುಕಿ ನೋಡು ಅಂತ ಒಂದು ಸೇರಿಸಿದ್ದರೆ ತಪ್ಪಾಗುತ್ತಿರಲಿಲ್ಲ! ಭಾನುವಾರ ಬಂತೆಂದರೆ ಪದ್ಮಿನಿ ಎಂಟು ವರ್ಷದ ಮಗ ಮಯಂಕ್‌ನ ಕೈ ಹಿಡಿದು ಹೊರಡುತ್ತಿದ್ದಳು. ಖಾಲಿ ಮನೆಗಳೇ ಒಂದು ವಿಚಿತ್ರ. ಒಳಗೆ ಕಾಲಿಟ್ಟರೆ ಸಾಕು, ಬರಿಯ ಗೋಡೆಗಳ ನಡುವೆ ಅವಳಿಗೆ ಒಂದು ಸಂಸಾರವೇ ಕಾಣಿಸತೊಡಗುತ್ತಿತ್ತು. ಅಲ್ಲಿ ದೇವರ ಮಂಟಪ, ಇಲ್ಲಿ ಅದ್ವಿಕಾಳ ಮೇಜು, ಕಿಟಕಿಯ ಹತ್ತಿರ ಅತ್ತೆಯ ಕುರ್ಚಿ... ಬಾಲ್ಕನಿಯಲ್ಲಿ ಬನಿಯನ್ ಹಾಕಿಕೊಂಡು ಟವೆಲ್ ಹಿಂಡುತ್ತಿರುವ ಸಂಪತ್. ಬ್ಯೂನಾ ವಿಸ್ಟಾದ ಒಂದು ಕಾಂಡೋ ಫ್ಲ್ಯಾಟಿನಲ್ಲಿ ಕೆಳಗಿನ ಈಜುಕೊಳದ ನೀಲಿ ಬೆಳಕು ಮೇಲಿನ ಛಾವಣಿಯಲ್ಲಿ ಅಲುಗಾಡುತ್ತಿತ್ತು. ಕಿಟಕಿಯಾಚೆ ಅವನ ಆಫೀಸಿನ ಗಾಜಿನ ಕಟ್ಟಡ. ಈಗ ಊಟಕ್ಕೆ ಇಳಿದು ಬರುತ್ತಾನೆ ಅನಿಸಿಬಿಟ್ಟಿತು. ಎಷ್ಟೋ ಹೊತ್ತು ನೋಡುತ್ತ ನಿಂತವಳು, “ಈ ಏರಿಯಾ ಬೇಡ” ಎಂದು ಹೊರಬಿದ್ದಳು.

ಕಳೆದ ಭಾನುವಾರ ನೋಡಿದ ಜುರಾಂಗ್ ಈಸ್ಟ್‌ನ ಮನೆಯಲ್ಲಿ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಹಾಯಾಗಿ ಮಲಗಿತ್ತು. ಎಲ್ಲಿಂದಲೋ ಮಕ್ಕಳ ಬಾಸ್ಕೆಟ್‌ಬಾಲಿನ ಸದ್ದು. ಏಜೆಂಟ್ ಸಾಗರ್ ಬೆಂಗಳೂರಿನವನೇ. “ಮೇಡಂ, ಒಟ್ಟು ಎಷ್ಟು ಜನ ಇರ್ತೀರಾ?” ಎಂದು ಕೇಳಿದ.

“ಐದು ಜನ” ಎಂದಳು ಪದ್ಮಿನಿ, ಬಿಸಿಲು ನೋಡುತ್ತಲೇ.

ಮಯಂಕ್ ಅವಳ ದುಪಟ್ಟಾ ಜಗ್ಗಿದ. “ಅಮ್ಮಾ... ಫೋರ್ ಲಾ.”

ಸಾಗರ್ ತಲೆ ತಗ್ಗಿಸಿ ಕೀಲಿಗೊಂಚಲು ತಿರುಗಿಸುತ್ತ ನಿಂತ. ಪದ್ಮಿನಿ ಮಗನ ಕೈ ಹಿಡಿದು ಲಿಫ್ಟಿನ ಕಡೆ ನಡೆದಳು.

ಅತ್ತೆ ಕೂಗಾಡಿದ್ದು ಅದಾದ ಮರುದಿನ, ಸೋಮವಾರ. ಗುರುವಾರ ಬೆಳಿಗ್ಗೆ ಪದ್ಮಿನಿಯ ಆಫೀಸಿಗೆ ಸ್ಕೂಲಿನಿಂದ ಫೋನು: ಅದ್ವಿಕಾ ಬಂದಿಲ್ಲ.

ಅಯ್ಯೋ ದೇವರೇ! ಮಗಳ ಫೋನು ಸ್ವಿಚ್ ಆಫ್. ಮನೆಯಿಂದ ಹೊರಟದ್ದು ನಿಜ, ಕೈಯಾರೆ ಡಬ್ಬಿ ಕಟ್ಟಿಕೊಟ್ಟದ್ದು ನಿಜ. ಪದ್ಮಿನಿ ಚೀಲ ಎತ್ತಿಕೊಂಡು ಆಫೀಸಿನಿಂದ ಓಡಿದಳು. ಒಬ್ಬನನ್ನು ಹೀಗೆಯೇ ಒಂದು ಫೋನಿನಲ್ಲಿ ಕಳೆದುಕೊಂಡವಳು ಅವಳು... ಕೊನೆಗೆ ಸುದ್ದಿ ಬಂದದ್ದು ತುವಾಸ್ ಲಿಂಕ್‌ನಿಂದ. ಹಸಿರು ಲೈನಿನ ಕಟ್ಟಕಡೆಯ ಸ್ಟೇಷನ್ನು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಯೂನಿಫಾರ್ಮಿನ ಹುಡುಗಿಯೊಬ್ಬಳು ಅಳುತ್ತ ಕೂತಿದ್ದಾಳೆ, ನಿಮ್ಮ ಮಗಳಂತೆ.

ಮಗಳನ್ನು ತಬ್ಬಿಕೊಂಡು ಮನೆಗೆ ಕರೆತಂದಾಗ ಕಾಮಾಕ್ಷಮ್ಮ ಬಾಗಿಲಲ್ಲೇ ನಿಂತಿದ್ದರು. ಹುಡುಗಿ ಅವರ ಸೊಂಟ ಹಿಡಿದು ಬಿಕ್ಕಿದಳು.

“ಅಜ್ಜಿ, ಅಪ್ಪ ಬಂದಿದ್ರು.”

“ಎಲ್ಲಿ? ಎಲ್ಲಿ ಬಂದಿದ್ದ?”

“ಟ್ರೈನಲ್ಲಿ. ಪಕ್ಕದ ಸೀಟಲ್ಲಿ ಕೂತಿದ್ರು. ‘ಮಲಕ್ಕೋ ಪುಟ್ಟಿ, ಸ್ಟಾಪ್ ಬಂದಾಗ ಎಬ್ಬಿಸ್ತೀನಿ’ ಅಂದ್ರು. ಅದಕ್ಕೇ ನಾನು ಮಲಗ್ಬಿಟ್ಟೆ... ಎದ್ದಾಗ ಲಾಸ್ಟ್ ಸ್ಟೇಷನ್. ಅಪ್ಪ ಇರ್ಲಿಲ್ಲ ಅಜ್ಜಿ! ಎಬ್ಬಿಸ್ತೀನಿ ಅಂದೋರು ಎಬ್ಬಿಸ್ಲೇ ಇಲ್ಲ!”

ಕಾಮಾಕ್ಷಮ್ಮ ಮೊಮ್ಮಗಳ ಬೆನ್ನು ಸವರುತ್ತ ನಿಂತರು. ಕಣ್ಣು ಎಲ್ಲೋ ನೆಟ್ಟಿತ್ತು. ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

“ಅವನದೇನೂ ತಪ್ಪಿಲ್ಲ ಕಣೇ. ಅವನಿಗೆ ಬ್ಯೂನಾ ವಿಸ್ಟಾ ತನಕ ತಾನೇ ಅಭ್ಯಾಸ. ಅಲ್ಲೇ ಇಳಿದುಬಿಟ್ಟಿದ್ದಾನೆ... ಮುಂದಿನ ದಾರಿ ಅವನಿಗೆ ಯಾರೂ ಹೇಳಿಲ್ಲ.”

ಸೋಫಾದ ಹಿಂದೆ ನಿಂತಿದ್ದ ಮಯಂಕ್‌ಗೆ ಇನ್ನು ತಡೆಯಲಾಗಲಿಲ್ಲ. “ಅಜ್ಜಿ, ಅಮ್ಮ ಆ ಮನೇಲಿ ನಾವು ಐದು ಜನ ಅಂತ ಹೇಳಿದ್ಲು. ನಾನು ಫೋರ್ ಅಂದೆ. ಆದ್ರೂ ಅಮ್ಮ ಸರಿ ಮಾಡ್ಲೇ ಇಲ್ಲ.”

ಕಾಮಾಕ್ಷಮ್ಮ ನಿಧಾನವಾಗಿ ಸೊಸೆಯ ಕಡೆ ತಿರುಗಿದರು. “ಐದು ಅಂದ್ಯಾ?”

“ಬಾಯ್ತಪ್ಪಿ ಬಂದ್ಬಿಡ್ತು ಅತ್ತೆ...” ಪದ್ಮಿನಿ ಮಗಳ ಸ್ಕೂಲ್ ಬ್ಯಾಗನ್ನು ಕೆಳಗಿಟ್ಟಳು. “ಯಾವ ಮನೆ ನೋಡಿದ್ರೂ ಮೊದಲು ಅವರು ಎಲ್ಲಿ ಕೂತ್ಕೋತಾರೆ ಅಂತಾನೇ ನೋಡ್ತೀನಿ. ಏನ್ಮಾಡ್ಲಿ?”

“ಮರೀಬೇಕಾಗಿದೆ ಅಂದೆನಲ್ಲೇ ನಿನಗೆ... ನನ್ನ ಬಾಯಿಗೆ ಮಣ್ಣು ಹಾಕ!” ಮುದುಕಿ ಸೊಸೆಯ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಸೆಪ್ಟೆಂಬರಿನಿಂದ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಅಳುತ್ತಿದ್ದವರು ಅಂದು ಮೊದಲ ಸಲ ಒಟ್ಟಿಗೆ ಕೂತು ಅತ್ತರು.

ಆದರೂ ಬರುತ್ತೇನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ‘ಅವನು ಬಂದ್ರೆ’ ಎಂಬ ಪ್ರಶ್ನೆ ಇನ್ನೂ ಹಾಗೇ ಇತ್ತು.

ಬ್ಲಾಕಿನ ಕೆಳಗೆ, ಗಾಳಿಯಾಡುವ ವಾಯ್ಡ್ ಡೆಕ್ ಎಂಬ ತೆರೆದ ಜಗಲಿಯ ಕಲ್ಲುಬೆಂಚಿನಲ್ಲಿ ಬೀ ಹುವಾ ಆಂಟಿ ಮತ್ತು ಕಾಮಾಕ್ಷಮ್ಮ ದಿನಾ ಕೂರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರಿಗೂ ಮೊಣಕಾಲು ನೋವು, ಸ್ನೇಹಕ್ಕೆ ಅಷ್ಟು ಸಾಕಾಗಿತ್ತು. ಶುಕ್ರವಾರ ಕಾಮಾಕ್ಷಮ್ಮ ಮೊಮ್ಮಗಳನ್ನೂ ಜೊತೆಗೆ ಕರೆದೊಯ್ದರು. “ಕೇಳೇ ಅವರನ್ನ. ಹೋದೋರಿಗೆ ಹೊಸ ಮನೆ ದಾರಿ ಹೇಗೆ ಗೊತ್ತಾಗುತ್ತೆ ಅಂತ ಕೇಳು.”

ಅದ್ವಿಕಾ ಸಂಕೋಚದಿಂದ ಇಂಗ್ಲಿಷಿನಲ್ಲಿ ಕೇಳಿದಳು. ಆಂಟಿ ನಗಲಿಲ್ಲ. ತೀರಿಕೊಂಡ ಗಂಡನನ್ನು ಕಳುಹಿಸಿಕೊಟ್ಟ ದಿನವನ್ನು ನೆನೆದು ಬಹಳ ಹೊತ್ತು ಹೇಳಿದರು.

“ಅಜ್ಜಿ, ಅವರಲ್ಲಿ ಹೋದೋರಿಗೆ ದಾರಿ ಉದ್ದಕ್ಕೂ ಬಾಯ್ಬಿಟ್ಟು ಹೇಳ್ತಾರಂತೆ. ಸೇತುವೆ ಬಂದ್ರೆ ಸೇತುವೆ ಬಂತು ಅಂತ, ಟರ್ನಿಂಗ್ ಬಂದ್ರೆ ಇಲ್ಲಿ ತಿರುಗ್ಬೇಕು ಅಂತ. ಹೇಳಿದ್ರೆ ಅವರು ಹಿಂದೇನೇ ಬರ್ತಾರಂತೆ. ಸುಮ್ನಿದ್ರೆ ಮಾತ್ರ ದಾರಿ ತಪ್ಪೋದಂತೆ.”

ಕಾಮಾಕ್ಷಮ್ಮ ಆಂಟಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಮೇಲೆ ಬಂದವರೇ ಸೊಸೆಗೆ, “ಏಜೆಂಟ್‌ಗೆ ಹೂಂ ಅನ್ನು. ಆದ್ರೆ ನಿನ್ನ ಆಫೀಸು ದೂರ ಆಗುತ್ತಲ್ಲೇ?” ಎಂದರು.

“ಆಗ್ಲಿ ಬಿಡಿ ಅತ್ತೆ. ಇಷ್ಟು ದಿನ ಮಗು ಸವೆಸಿದ ದಾರಿ, ಇನ್ಮೇಲೆ ನಾನು ಸವೆಸ್ತೀನಿ.”

ಜೂನ್ ತಿಂಗಳ ಒಂದು ಶನಿವಾರ ಸಾಮಾನಿನ ಲಾರಿ ಮುಂದೆ ಹೋಯಿತು. ಪದ್ಮಿನಿ ಟ್ಯಾಕ್ಸಿ ಬುಕ್ ಮಾಡಲು ಹೊರಟರೆ ಅತ್ತೆ ತಡೆದರು. “ರೈಲಲ್ಲೇ ಹೋಗೋಣ. ಅವನಿಗೆ ಗೊತ್ತಿರೋದು ಅದೇ.” ಖಾಲಿ ಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ನೋಡಿ, “ಸಂಪತ್, ಹೊರಡೋಣ ಬಾರಪ್ಪ” ಎಂದು ಕರೆದರು. ಆ ಕಂದು ಚಪ್ಪಲಿಯನ್ನು ಲಾರಿಗೆ ಹಾಕಲು ಬಿಟ್ಟಿರಲಿಲ್ಲ. ಒಗೆದ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತರು. ಮಗನ ಚಪ್ಪಲಿಯನ್ನು ಹೆತ್ತವಳು ಮಡಿಲಲ್ಲಿ ಇಟ್ಟುಕೊಳ್ಳುವುದೆಂದರೆ... ಯಾವ ಶಾಸ್ತ್ರ ಏನು ಹೇಳುತ್ತದೋ, ಅವರಂತೂ ಯಾರನ್ನೂ ಕೇಳಲಿಲ್ಲ.

ಅವರ ಪಕ್ಕದ ಸೀಟು ಖಾಲಿ ಇತ್ತು. ಮಯಂಕ್ ಜೇಬಿನಿಂದ ಟಿಶ್ಯೂ ಪ್ಯಾಕೆಟ್ ತೆಗೆದು ಅದರ ಮೇಲಿಟ್ಟ. ಹಾಕರ್ ಸೆಂಟರಿನಲ್ಲಿ ಊಟಕ್ಕೆ ಜಾಗ ಹಿಡಿಯಲು ಊರಿಗೆ ಊರೇ ಹೀಗೆ ಮಾಡುತ್ತದೆ. ರೈಲಿನಲ್ಲಿ ಯಾರೂ ಮಾಡುವುದಿಲ್ಲ. ಹತ್ತಿದವನೊಬ್ಬ ಟಿಶ್ಯೂ ನೋಡಿದ, ಮುದುಕಿಯ ಮುಖ ನೋಡಿದ, ಏನನಿಸಿತೋ ಏನೋ, ಕಂಬ ಹಿಡಿದು ನಿಂತುಕೊಂಡ.

ಬಿಸಿಲು, ಬಿದಿರಿನ ಕೋಲುಗಳ ಮೇಲೆ ಒಣಗುವ ಬಟ್ಟೆಗಳು, ಮರಗಳ ತಲೆ, ಎಲ್ಲವೂ ತೇಲಿ ಹಿಂದೆ ಸರಿದವು. ಕಲ್ಲಾಂಗ್ ದಾಟಿದ ಮೇಲೆ ರೈಲು ನೆಲದೊಳಗಿಳಿಯಿತು. ಮತ್ತೆ ಬೆಳಕಿಗೆ ಬಂತು. ಅದ್ವಿಕಾ ಅಮ್ಮನ ಹೆಗಲಿಗೊರಗಿ ನಿದ್ದೆ ಹೋದಳು. ಕಾಮಾಕ್ಷಮ್ಮ ಮಾತ್ರ ಬಾಯಿ ತೆರೆದಿರಲಿಲ್ಲ. ಬ್ಯೂನಾ ವಿಸ್ಟಾ ಬಂತು. ಬಾಗಿಲು ತೆರೆಯಿತು. ಅವರು ಚಪ್ಪಲಿಯ ಗಂಟನ್ನು ಎದೆಗವಚಿಕೊಂಡರು.

“ಇಲ್ಲಿ ಇಳೀಬೇಡ ಕಣೋ... ಇವತ್ತು ಆಫೀಸಿಲ್ಲ.”

ಪದ್ಮಿನಿ ಬಾಯಿಗೆ ಅಂಗೈ ಒತ್ತಿ ಹಿಡಿದಳು. ಬಾಗಿಲು ಮುಚ್ಚಿತು. ರೈಲು ಹೊರಟಿತು.

“ಇದು ಡೋವರ್ ಅಂತೆ ಸಂಪತ್. ನೋಡ್ಕೋ... ಇದು ಕ್ಲೆಮೆಂಟಿ. ಈಗ ಒಂದು ಕಾಲುವೆ ಬರುತ್ತೆ, ನೀರು ದಾಟ್ತೀವಿ, ಹುಷಾರಪ್ಪ. ಮುಂದಿನದೇ ನಮ್ಮದು.”

ಸ್ಟೇಷನ್ನು ಹತ್ತಿರವಾದಾಗ ಮಗಳನ್ನು ಎಬ್ಬಿಸಲು ಪದ್ಮಿನಿ ಕೈ ಎತ್ತಿದಳು. ಅತ್ತೆ ಆ ಕೈ ಹಿಡಿದು ಬೇಡವೆಂದು ತಲೆಯಾಡಿಸಿದರು. ರೈಲು ನಿಲ್ಲುವ ಮೊದಲೇ ಅದ್ವಿಕಾ ತಾನಾಗಿ ಕಣ್ಣು ಬಿಟ್ಟಳು. ಅಜ್ಜಿಯ ಪಕ್ಕದ ಖಾಲಿ ಸೀಟನ್ನು ನೋಡಿ ಮುಗುಳ್ನಕ್ಕು, ಬ್ಯಾಗು ಎತ್ತಿಕೊಂಡಳು.

ತಿರುವಿನಲ್ಲಿ ‘ಇಲ್ಲಿ ಎಡಕ್ಕೆ’, ಲಿಫ್ಟಿನಲ್ಲಿ ‘ಆರನೇ ಮಹಡಿ’ ಎಂದು ಹೇಳುತ್ತಲೇ ಕಾಮಾಕ್ಷಮ್ಮ ಹೊಸ ಮನೆಯ ಮುಂದೆ ಬಂದು ನಿಂತರು. ಟವೆಲು ಬಿಚ್ಚಿ, ಚಪ್ಪಲಿಯನ್ನು ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟರು. ಸೊಸೆ, ಮಕ್ಕಳು ಬಲಗಾಲಿಟ್ಟು ಒಳಗೆ ಹೋದರು. ಅವರು ಮಾತ್ರ ಹೊಸ್ತಿಲಿನಿಂದ ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರು ಹಾದುಹೋಗುವಷ್ಟು ಜಾಗ ಬಿಟ್ಟು, ತುಸು ಹೊತ್ತು ನಿಂತರು. ಆಮೇಲೆ ತಾವೂ ಒಳಗೆ ಬಂದರು.

ಸಂಜೆ ಏಳಾಗಿತ್ತು. ಹಾಲು ಉಕ್ಕಿಸಿ ಆಗಿತ್ತು. ಹೊರಗೆ ಲಿಫ್ಟು ಟಿಣ್ ಎಂದಿತು. ಪದ್ಮಿನಿ ಅತ್ತೆಯ ಕಡೆ ನೋಡಿದಳು. ಕಾಮಾಕ್ಷಮ್ಮ ತಲೆ ಎತ್ತಲಿಲ್ಲ. ಮೊಮ್ಮಗಳ ತಲೆ ಬಾಚುತ್ತಿದ್ದರು.

“ಬಾಗಿಲು ಹಾಕಮ್ಮ ಪದ್ಮಿನಿ” ಎಂದರು. “ಎಲ್ಲರೂ ಬಂದಾಯ್ತು.”

ಪದ್ಮಿನಿ ಎದ್ದು ಹೋಗಿ ಬಾಗಿಲು ಹಾಕಿದಳು.